ತಾನಾಗಿಯೇ ಎದ್ದ ಹಿಂಡು

ಪ್ರೇ-ಬಾ, ನ್ಯೂ ಬ್ರನ್ಸ್‌ವಿಕ್
6 ಜುಲೈ 1986

ತಾದೇ ಮಾವನಿಗೆ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕ್ಷೇಮಸಮಾಚಾರ. ಅಟ್ಟದ ಮೇಲಿನ ನಿನ್ನ ಪೆಟ್ಟಿಗೆಯ ಬೀಗವನ್ನು ಅಜ್ಜಿಯ ಹೆಣಿಗೆಕಡ್ಡಿಯಿಂದ ತೆಗೆದವಳು ನಾನೇ. ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಉದ್ದ ಲೆನ್ಸೂ ಇದೆ. ಕೇಳಿ ತೆಗೆದುಕೊಳ್ಳಬೇಕಿತ್ತು. ಆದರೆ ನಿನ್ನ ದೀಪಸ್ತಂಭಕ್ಕೆ ದೋಣಿ ಹೋಗುವುದು ಹತ್ತು ದಿನಕ್ಕೊಮ್ಮೆ, ನನ್ನ ತಾಳ್ಮೆ ಇರುವುದು ಹತ್ತು ನಿಮಿಷ. ರೇಡಿಯೋದಲ್ಲಿ ಕೇಳೋಣವೆಂದರೆ ಕೊಲ್ಲಿಯ ಮೀನುದೋಣಿಗಳೆಲ್ಲ ಕಿವಿಗೊಟ್ಟು ಕೂತಿರುತ್ತವೆ. ಬೈಯುವುದಿದ್ದರೆ ಪತ್ರದಲ್ಲೇ ಬೈಯಿ.

ಅಮ್ಮ ಸೆಪ್ಟೆಂಬರಿಗೆ ಮಾಂಕ್ಟನ್ನಿನ ಶಾಲೆಯಲ್ಲಿ ನನ್ನ ಹೆಸರು ಬರೆಸಿ ಬಂದಿದ್ದಾಳೆ. ಶಾಲೆ ಬಿಟ್ಟು ಎರಡು ವರ್ಷವಾದ ಮೇಲೆ, ಹದಿನೇಳು ವಯಸ್ಸಿನಲ್ಲಿ, ಹದಿನೈದರ ಮಕ್ಕಳ ಜೊತೆ ಕೂರಬೇಕಂತೆ. ಅಡುಗೆಮನೆಯಲ್ಲಿ ಆಲೂಗಡ್ಡೆ ತುರಿಯುತ್ತಾ ಜಗಳವಾಯಿತು.

"ಶಾಲೆ ಬೇಡ ಅಂದ್ರೆ ಇನ್ನೇನ್ ಮಾಡ್ತೀಯಾ ಹೇಳು."

"ಗೊರವ ಹಕ್ಕಿ ಹಾರೋದನ್ನ ಫೋಟೋ ತೆಗೀತೀನಿ."

"ನಿಮ್ಮಾವನ ಥರ?"

"ಅವನಿಗಿಂತ ಚೆನ್ನಾಗಿ."

ಅಮ್ಮ ಎಷ್ಟು ನಕ್ಕಳೆಂದರೆ ತುರಿಮಣೆ ಕೆಳಗೆ ಬಿತ್ತು. ಅಜ್ಜಿ ಮಾತ್ರ ನಗಲಿಲ್ಲ. "ನಗ್ಬೇಡ ಎಲ್ಮೀರಾ, ಪಂದ್ಯ ಕಟ್ಟು" ಎಂದಳು. ಹಾಗೆ ಪಂದ್ಯವಾಯಿತು. ಆಗಸ್ಟ್ ಕೊನೆಯ ಭಾನುವಾರದೊಳಗೆ ಹಾರುವ ಗೊರವಗಳ ಒಂದು ಚಿತ್ರ, ಚರ್ಚಿನ ಸಭಾಂಗಣದಲ್ಲಿರುವ, ನೀನು ತೆಗೆದ ಚಿತ್ರದ ಪಕ್ಕ ತೂಗುಹಾಕುವಂಥದ್ದು, ನಾನು ತೆಗೆಯಬೇಕು. ತೆಗೆದರೆ ಶಾಲೆಯಿಲ್ಲ. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಬೇಕು. ಯೋಗ್ಯವೋ ಅಲ್ಲವೋ ಎಂದು ತೀರ್ಮಾನ ಮಾಡುವವನು ಅಂಗಡಿಯ ಆಲ್ಸಿದ್, ಯಾಕೆಂದರೆ ಸಭಾಂಗಣದ ಮೊಳೆ, ಸುತ್ತಿಗೆ, ಹಬ್ಬದ ಸಮಿತಿ ಎಲ್ಲ ಅವನ ಕೈಯಲ್ಲೇ ಇವೆ.

ಇನ್ನೊಂದು ಸುದ್ದಿ. ಹಕ್ಕಿ ಸಂಘದವರು ಈ ಬೇಸಿಗೆಗೆ ನನ್ನನ್ನು ದಡದ ಕಾವಲಿಗೆ ಇಟ್ಟಿದ್ದಾರೆ. ಹಸಿರು ಟೋಪಿ ಕೊಟ್ಟಿದ್ದಾರೆ, ಸೀಟಿ ಕೊಟ್ಟಿಲ್ಲ. ಸೀಟಿ ಊದಿದರೆ ಹಕ್ಕಿ ಎದ್ದುಬಿಡುತ್ತವೆ. ಉಬ್ಬರದ ಹೊತ್ತಿಗೆ ಅವು ದಡದಲ್ಲಿ ಮಲಗಿರುವಾಗ ಯಾರೂ ಹತ್ತಿರ ಹೋಗದಂತೆ, ಯಾರೂ ಕಲ್ಲೆಸೆದು ಎಬ್ಬಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಹಕ್ಕಿಗಳಿನ್ನೂ ಉತ್ತರದಿಂದ ಬಂದಿಲ್ಲ. ಅಲ್ಲಿಯವರೆಗೆ ಕಾಗೆಗಳ ಮೇಲೆ ಒಂದು ಸುರುಳಿ ಫಿಲ್ಮು ಖರ್ಚು ಮಾಡಿದೆ. ಮೂವತ್ತಾರರಲ್ಲಿ ಮೂವತ್ತು ಬರೀ ಆಕಾಶ. ಹೇಗೆಂದು ಹೇಳಿಕೊಡು.

ನಿನ್ನ
ಓಡಿಲ್


ತೆತ್-ಗ್ರೀಸ್ ದ್ವೀಪ
11 ಜುಲೈ

ಕಳ್ಳಿ ಓಡಿಲ್‌ಗೆ,

ಕೆಳಗೆ ಎಣ್ಣೆಪೀಪಾಯಿ ಇಳಿಸುತ್ತಿದ್ದಾರೆ. ದೋಣಿ ಹೊರಡುವುದರೊಳಗೆ ಬರೆದು ಮುಗಿಸಬೇಕು, ಬೈಯುವುದಕ್ಕೆ ಸಮಯವಿಲ್ಲ. ಆ ಬೀಗ ನಾನೂ ಹೆಣಿಗೆಕಡ್ಡಿಯಿಂದಲೇ ತೆಗೆಯುತ್ತಿದ್ದೆ, ಕೀಲಿ ಕಳೆದು ಇಪ್ಪತ್ತು ವರ್ಷವಾಯಿತು.

ಕೇಳು. ಹಾರುವ ಹಕ್ಕಿಯನ್ನು ಕೈಯಿಂದ ಅಟ್ಟಿಸಿಕೊಂಡು ಹೋಗಬಾರದು. ಕಾಲು ನೆಟ್ಟು ನಿಂತು ಸೊಂಟದಿಂದ ತಿರುಗು. ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರು. ನಿಮ್ಮಜ್ಜ ಹುಲ್ಲು ಕೊಯ್ಯುವಾಗ ಹುಲ್ಲು ತುಂಡಾದ ಕೂಡಲೇ ಕುಡುಗೋಲು ನಿಲ್ಲಿಸುತ್ತಿದ್ದನೇ? ಹಾಗೆ. ಶಟರಿನ ವೇಗ ಸಾವಿರದಲ್ಲೊಂದು ಸೆಕೆಂಡಿಗಿಂತ ಕಡಿಮೆ ಬೇಡ. ಹಕ್ಕಿಯ ಮುಂದೆ ಜಾಗ ಬಿಡು. ಅದು ಎಲ್ಲಿಗೋ ಹೋಗುತ್ತಿರುತ್ತದೆ, ಹೋಗಲು ಜಾಗ ಬೇಕು.

ನಮ್ಮ ದಡ ಪಶ್ಚಿಮಕ್ಕೆ ಮುಖಮಾಡಿದೆ. ಮಧ್ಯಾಹ್ನ ಒಂದರ ನಂತರ ಸೂರ್ಯ ಹಕ್ಕಿಯ ಹಿಂದೆ ಹೋಗಿ ಎಲ್ಲವನ್ನೂ ಮಸಿ ಮಾಡುತ್ತಾನೆ. ಬೆಳಗ್ಗೆ ಉಬ್ಬರ ಬರುವ ದಿನಗಳನ್ನು ಉಬ್ಬರ ಇಳಿತದ ಪುಸ್ತಕದಲ್ಲಿ ಹುಡುಕಿಕೋ. ಪುಸ್ತಕದ ಗಂಟೆ ಚಳಿಗಾಲದ ಗಂಟೆ. ಬೇಸಿಗೆಯಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಡುತ್ತಾರಲ್ಲ, ಅದಕ್ಕೆ ಒಂದು ಕೂಡಿಸಬೇಕು. ನಿನಗೆ ಆರು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದೇನೆ.

ನನ್ನ ಆ ಹಳೇ ಚಿತ್ರವನ್ನು ಅಳತೆಗೋಲು ಮಾಡಿಕೊಳ್ಳಬೇಡ. ಅದು ಒಂದು ದಿನದ ಅದೃಷ್ಟ, ಅಷ್ಟೇ.

ತಾದೇ


ಪ್ರೇ-ಬಾ
28 ಜುಲೈ

ಮಾವ,

ಬಂದಿವೆ! ಹದಿನೇಳನೇ ತಾರೀಕು ನೂರಿದ್ದವು, ಇವತ್ತು ಎಣಿಸಲು ಹೋಗಿ ಸೋತೆ. ಉಬ್ಬರ ತುಂಬಿದಾಗ ದಡದ ಉರುಟುಗಲ್ಲುಗಳೆಲ್ಲ ಒಮ್ಮೆಗೇ ಕೊಕ್ಕು ಮೂಡಿಸಿಕೊಂಡು ನಿದ್ದೆ ಮಾಡುತ್ತಿವೆಯೋ ಎನ್ನುವಂತೆ ಕಾಣುತ್ತದೆ. ನನ್ನ ಬೂಟಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಅಷ್ಟೂ ಜೀವ ಉಸಿರಾಡುತ್ತಿರುತ್ತದೆ. ಇಳಿತದಲ್ಲಿ ಕೆಸರಿಗೆ ಹೋಗಿ ಸೀಗಡಿ ಮುಕ್ಕುತ್ತವೆ, ಉಬ್ಬರದಲ್ಲಿ ಬಂದು ಮಲಗುತ್ತವೆ, ತಿನ್ನುತ್ತವೆ, ಮಲಗುತ್ತವೆ. ಹದಿನೈದು ದಿನದಲ್ಲಿ ತೂಕ ಎರಡರಷ್ಟು. ಅಜ್ಜಿ ಹೇಳುತ್ತಾಳೆ, "ನಿಮ್ಮಪ್ಪ ಚಳಿಗಾಲದಲ್ಲಿ ಹೀಗೇ ಇರ್ತಾನೆ, ಆದ್ರೆ ಅವನು ಎಲ್ಲಿಗೂ ಹಾರಲ್ಲ."

ಆದರೆ ತಾಪತ್ರಯ ಅದೇ. ಬೆಳಕು ಚೆನ್ನಾಗಿರುವಾಗ, ಹಕ್ಕಿ ಹತ್ತಿರವಿರುವಾಗ, ಅವು ಹಾರುವುದಿಲ್ಲ! ಕೆಸರಿನಿಂದ ಬರುವಾಗ ಹೊಗೆಯ ಹಾಗೆ ಬರುತ್ತವೆ, ಹಾಗೊಮ್ಮೆ ಬಿಳಿ, ಹೀಗೊಮ್ಮೆ ಕಂದು, ನಾನು ಸೊಂಟ ತಿರುಗಿಸುವಷ್ಟರಲ್ಲಿ ಕೂತಾಗಿರುತ್ತದೆ. ಮೂರು ಸುರುಳಿ ತೊಳೆದೆ. ಇಪ್ಪತ್ತು ಬಾಲ, ಒಂದು ಸುಂದರವಾದ ಮೋಡ, ಮಿಕ್ಕಿದ್ದು ಏನೂ ಇಲ್ಲ. ಒಂದರಲ್ಲಿ ಹಕ್ಕಿ ಸಿಕ್ಕಿದೆ, ತಲೆ ಸಿಕ್ಕಿಲ್ಲ.

ಶನಿವಾರ ದೊಡ್ಡ ಕ್ಯಾಮೆರಾದವನೊಬ್ಬ ಕಾರಿನಿಂದ ಇಳಿದ. ಸ್ವಲ್ಪ ಹೊತ್ತು ಕಾದ, ಗಡಿಯಾರ ನೋಡಿದ, ಬಗ್ಗಿ ಕಲ್ಲೊಂದು ಎತ್ತಿಕೊಂಡ. ಓಡಿ ಹೋಗಿ ಅವನ ಮುಷ್ಟಿ ಹಿಡಿದೆ.

"ಒಂದೇ ಒಂದು ಸಲ ಕಣಮ್ಮ. ಹಕ್ಕಿಗೇನು ತಾಗಲ್ಲ."

"ತಾಗಲ್ಲ. ಎದ್ದು ಸುತ್ತುತ್ತವೆ. ಹದಿನೈದು ದಿನ ತಿಂದಿದ್ದನ್ನ ನಿಮ್ಮ ಒಂದ್ ಫೋಟೋಗೆ ಸುಡ್ತವೆ. ಆಮೇಲೆ ದಕ್ಷಿಣ ಅಮೆರಿಕಕ್ಕೆ ಮೂರು ದಿನ ಮೂರು ರಾತ್ರಿ ಸಮುದ್ರದ ಮೇಲೆ ಹಾರ್ಬೇಕು. ಮಧ್ಯದಲ್ಲಿ ಹೋಟೆಲ್ ಇಲ್ಲ."

"ನೀನೂ ಕ್ಯಾಮೆರಾ ಹಾಕ್ಕೊಂಡಿದೀಯಲ್ಲ. ನಿನಗೆ ಆಸೆ ಇಲ್ವಾ?"

"ಇದೆ" ಎಂದೆ. ಇದೆಯಲ್ಲ ಮಾವ, ಸುಳ್ಳು ಯಾಕೆ ಹೇಳಲಿ? ಅವನು ಬಿದ್ದು ಬಿದ್ದು ನಕ್ಕು, ಕಲ್ಲನ್ನು ನನ್ನ ಕೈಗೇ ಕೊಟ್ಟು ಹೋದ. ಅದೀಗ ನನ್ನ ಜೇಬಿನಲ್ಲಿದೆ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಚಿತ್ರದಲ್ಲಿ ಹಕ್ಕಿಗಳು ಅಷ್ಟು ಹತ್ತಿರ, ಅಷ್ಟು ಒಟ್ಟಾಗಿ, ಮುಂದಿನಿಂದ ಬೆಳಕು. ಹೇಗೆ ಸಿಕ್ಕಿತು? ಎಲ್ಲಿ ನಿಂತಿದ್ದೆ? ಏನು ಮಾಡಿದೆ? ಎಲ್ಲ ಬರೆ.

ಓಡಿಲ್


ತೆತ್-ಗ್ರೀಸ್ ದ್ವೀಪ
31 ಜುಲೈ

ಓಡಿಲ್,

ಇಲ್ಲಿ ಎಂಟು ದಿನದಿಂದ ಮಂಜು. ಹಡಗುಗಳನ್ನು ಎಚ್ಚರಿಸುವ ಮಂಜಿನ ಕೊಂಬು ಹಗಲೂ ಊಳಿಡುತ್ತಿದೆ. ಜೊತೆಗಾರ ಅದಕ್ಕೆ ಶ್ರುತಿ ಸೇರಿಸಿ ಅಕಾರ್ಡಿಯನ್ ಬಾರಿಸುತ್ತಾನೆ, ಅವನಿಗೆ ಬರುವುದು ಎರಡೇ ಹಾಡು. ಮೊನ್ನೆ ಬಟಾಣಿ ಸಾರು ಮಾಡಿದ್ದೆವು, ನಿನ್ನೆ ಅದನ್ನೇ ಉಂಡೆವು, ಇವತ್ತೂ ಅದೇ.

ನಿನ್ನ ಅಪ್ಪನ ಬೆನ್ನುನೋವು ಹೇಗಿದೆ? ಲೆನ್ಸಿಗೆ ಉಪ್ಪುಗಾಳಿ ತಾಗದಂತೆ ಬಟ್ಟೆ ಸುತ್ತು.

ತಾದೇ


ಪ್ರೇ-ಬಾ
6 ಆಗಸ್ಟ್

ಮಾವ,

ನಾನು ಕೇಳಿದ್ದು ಬಟಾಣಿ ಸಾರಿನ ಬಗ್ಗೆ ಅಲ್ಲ.

ನಿನ್ನೆ ಸಭಾಂಗಣಕ್ಕೆ ಹೋಗಿ, ಬೆಂಚಿನ ಮೇಲೆ ಹತ್ತಿ, ಅಜ್ಜಿಯ ಭೂತಗನ್ನಡಿ ಹಿಡಿದು ನಿನ್ನ ಚಿತ್ರವನ್ನು ಒಂದು ಗಂಟೆ ನೋಡಿದೆ. ಕಲಿಯುವುದಕ್ಕೆಂದು ನೋಡಿದ್ದು, ದೇವರಾಣೆ. ಆದರೆ ಕಂಡದ್ದು ಬೇರೆ.

ನೀರು ಪಾಚಿಯ ಗೆರೆಯವರೆಗೆ ಬಂದಿದೆ. ಅಂದರೆ ತುಂಬು ಉಬ್ಬರ, ಹಕ್ಕಿಗಳು ಏಳದ ಹೊತ್ತು. ಡೇಗೆ ಮೇಲಿನಿಂದ ಎರಗಿದ್ದರೆ ಹಿಂಡು ಮುದ್ದೆಗಟ್ಟುತ್ತದೆ, ಮೂರು ವಾರದಿಂದ ನೋಡುತ್ತಿದ್ದೇನೆ. ನಿನ್ನ ಚಿತ್ರದಲ್ಲಿ ಅವು ಕೆಳಗಿನ ಒಂದು ಜಾಗದಿಂದ ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಎಲ್ಲ ಬೆನ್ನುಗಳೂ ನಿನ್ನ ಕಡೆಗಿವೆ. ನಿನ್ನಿಂದ ಓಡಿ ಹೋಗುತ್ತಿವೆ. ಬಲಗಡೆ ಮೂಲೆಯಲ್ಲಿ ನೀರಿನ ಮೇಲೆ ಒಂದು ಸಣ್ಣ ಉಂಗುರವಿದೆ.

ಮಾವ, ನೀನು ಕಲ್ಲೆಸೆದಿದ್ದೀಯಾ?

ನಾನು ಯಾರಿಗೂ ಹೇಳಿಲ್ಲ. ಆದರೆ ಯಾರಾದರೂ ಕೇಳಿದರೆ ಇಲ್ಲವೆನ್ನಲಾರೆ, ನಿನಗೆ ನನ್ನ ಸ್ವಭಾವ ಗೊತ್ತು. ಇನ್ನೊಂದು ಕೇಳು: ದಡದಲ್ಲಿ "ಹಕ್ಕಿಗಳನ್ನು ಎಬ್ಬಿಸಬೇಡಿ" ಎಂಬ ಹೊಸ ಫಲಕಕ್ಕೆ ಆಲ್ಸಿದ್ ನಿನ್ನ ಚಿತ್ರವನ್ನೇ ಹಾಕಿಸಬೇಕೆಂದಿದ್ದಾನೆ. ಅದರ ಕೆಳಗೆ ಹಸಿರು ಟೋಪಿ ಹಾಕಿಕೊಂಡು ನಾನು ನಿಲ್ಲಬೇಕು.

ಹದಿನೈದನೇ ತಾರೀಕಿನ ಹಬ್ಬದ ಪಾತ್ರೆ ಬಡಿಯುವ ಮೆರವಣಿಗೆ ದಡದ ರಸ್ತೆಯಲ್ಲಿ ಬಂದರೆ ಹಕ್ಕಿಗಳಿಗೆ ತೊಂದರೆಯೇ ಎಂದು ಸಮಿತಿ ನನ್ನನ್ನು ಕೇಳಿತು. ಪುಸ್ತಕ ನೋಡಿ ಚೀಟಿ ಬರೆದುಕೊಟ್ಟೆ: ಉಬ್ಬರ 9:50ಕ್ಕೆ, ಹನ್ನೊಂದು ಗಂಟೆಗೆಲ್ಲ ಹಕ್ಕಿಗಳು ಕೆಸರಿಗೆ ಹೋಗಿರುತ್ತವೆ, ಎಂದಿನಂತೆ ಹನ್ನೊಂದಕ್ಕೆ ಹೊರಟು ಎಷ್ಟು ಬೇಕಾದರೂ ಪಾತ್ರೆ ಬಡಿಯಿರಿ.

ಉತ್ತರ ಬರೆ. ನಿಜವಾದ ಉತ್ತರ.

ಓಡಿಲ್


ತೆತ್-ಗ್ರೀಸ್ ದ್ವೀಪ
11 ಆಗಸ್ಟ್

ಓಡಿಲ್,

ನಿನ್ನೆ ದೋಣಿಯವನು ಎರಡು ಸಲ ಕೇಳಿದ, "ಪತ್ರ ಇಲ್ವಾ ತಾದೇ?" ಇಲ್ಲ ಎಂದು ಕಳಿಸಿದೆ. ಅವನು ಕಣ್ಮರೆಯಾದ ಮೇಲೆ ಕಾಗದ ತೆಗೆದಿದ್ದೇನೆ. ಇನ್ನು ಇಪ್ಪತ್ತನೇ ತಾರೀಕಿನವರೆಗೆ ಇದು ಇಲ್ಲೇ ಬಿದ್ದಿರುತ್ತದೆ. ಹೇಡಿಗಳ ಅಂಚೆ ಹೀಗೇ.

ಹೌದು.

1961. ನನಗೆ ಇಪ್ಪತ್ತಾರು. ಪಟ್ಟಣದ ಪತ್ರಿಕೆಯವನೊಬ್ಬ ಕಾರಿನಲ್ಲಿ ಕಾಯುತ್ತಿದ್ದ, ನನ್ನ ಹತ್ತಿರ ಉಳಿದಿದ್ದದ್ದು ಮೂರು ಚಿತ್ರದ ಫಿಲ್ಮು. ಹಕ್ಕಿ ಅಲ್ಲಾಡಲಿಲ್ಲ. ಕೋಳಿಮೊಟ್ಟೆಯಷ್ಟಿದ್ದ ಕಲ್ಲೊಂದನ್ನು ನೀರಿಗೆ ಎಸೆದೆ. ಎದ್ದವು. ಚಿತ್ರ ಅದ್ಭುತವಾಗಿ ಬಂತು. ಆದರೆ ಅವು ಮತ್ತೆ ಕೂರಲು ನಲವತ್ತು ನಿಮಿಷ ಹಿಡಿಯಿತು. ಪತ್ರಿಕೆಯವನು ಕಾರಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ನಾನೊಬ್ಬನೇ ನೋಡಿದೆ. ಕೆಲವು ನನ್ನ ಕಾಲಬುಡದಲ್ಲೇ ಇಳಿದವು. ನನಗೆ ಹೆದರುವಷ್ಟು ಶಕ್ತಿಯೂ ಅವಕ್ಕೆ ಇರಲಿಲ್ಲ, ಕೊಕ್ಕು ತೆರೆದುಕೊಂಡು ನಿಂತಿದ್ದವು.

ಆಮೇಲೆ ಹಾರುವ ಹಕ್ಕಿಯ ಚಿತ್ರ ತೆಗೆಯಲಿಲ್ಲ. ಮುಂದಿನ ವರ್ಷ ದೀಪದ ಕೆಲಸಕ್ಕೆ ಬಂದೆ. ಯಾರಾದರೂ ಚಿತ್ರ ಹೊಗಳಿದರೆ ಈಗಲೂ ನನ್ನ ಬಲಗೈ ತಾನಾಗಿ ಜೇಬಿಗೆ ಹೋಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ಆ ಉಂಗುರವನ್ನು ಒಬ್ಬರೂ ನೋಡಿರಲಿಲ್ಲ. ನೋಡಿದವಳು ಶಾಲೆ ಬಿಟ್ಟವಳು.

ಚಿತ್ರ ಇಳಿಸಿಬಿಡಲು ಆಲ್ಸಿದ್‌ಗೆ ಹೇಳು. ಕಾರಣವನ್ನೂ ಹೇಳು.

ಹದಿನೈದಕ್ಕೆ ಹನ್ನೊಂದು ಗಂಟೆಗೆ, ಪ್ರತಿ ವರ್ಷದಂತೆ, ನಾನೂ ಇಲ್ಲಿ ಬಾಣಲೆ ಬಡಿಯುತ್ತೇನೆ. ನಿಮಗೆ ಕೇಳಿಸುವುದಿಲ್ಲ. ಆದರೆ ನೀವೂ ಅದೇ ಹೊತ್ತಿಗೆ ಬಡಿಯುತ್ತಿದ್ದೀರಿ ಎಂದುಕೊಂಡರೆ ಬಾಣಲೆ ಹಗುರಾಗುತ್ತದೆ.

ತಾದೇ


ಪ್ರೇ-ಬಾ
12 ಆಗಸ್ಟ್

ಮಾವ,

ದೋಣಿ ಬಂತು. ನಿನ್ನ ಪತ್ರ ಇಲ್ಲ.

ಬರೆದ ಧಾಟಿಗೆ ಕ್ಷಮೆ ಕೇಳುತ್ತೇನೆ. ಬರೆದ ಮಾತಿಗೆ ಕೇಳಲಾರೆ. ನೀನು ಮುನಿಸಿಕೊಂಡಿದ್ದೀಯ, ಇನ್ನು ನನಗೆ ಬರೆಯುವುದಿಲ್ಲ. ಕ್ಯಾಮೆರಾ ಹಬ್ಬ ಮುಗಿದ ಮೇಲೆ ಪೆಟ್ಟಿಗೆಗೆ ಹೋಗುತ್ತದೆ. ಬೀಗವನ್ನೂ ಹೆಣಿಗೆಕಡ್ಡಿಯಿಂದಲೇ ಹಾಕುತ್ತೇನೆ.

ಅಮ್ಮ ನಾಳೆಯಿಂದ ಎರಡು ದಿನ ನನ್ನನ್ನು ಹಬ್ಬದ ಕಡುಬು ಬೇಯಿಸಲು ಕೂರಿಸುತ್ತಾಳೆ. ದಡಕ್ಕೆ ಸಂಘದವರು ಬೇರೆಯವರನ್ನು ಕಳಿಸುತ್ತಾರೆ. ಅಮ್ಮ ನನ್ನ ಶಾಲೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಹಾಡು ಗುನುಗುತ್ತಾ ಹೊಲಿಯುತ್ತಿದ್ದಾಳೆ.

ಓಡಿಲ್


ಪ್ರೇ-ಬಾ
16 ಆಗಸ್ಟ್

ಮಾವ,

ನೀನು ಓದಿದರೆ ಓದು, ಬಿಟ್ಟರೆ ಬಿಡು. ಇದನ್ನು ಯಾರಿಗಾದರೂ ಹೇಳದಿದ್ದರೆ ನಾನು ಒಡೆದುಹೋಗುತ್ತೇನೆ, ಊರಿನವರಿಗೆ ಹೇಳೋಣವೆಂದರೆ ಅವರೆಲ್ಲ ಅಲ್ಲೇ ಇದ್ದರು.

ನಿನ್ನೆ ಬೆಳಗ್ಗೆ ಪೂಜೆ ತಪ್ಪಿಸಿ ದಡಕ್ಕೆ ಹೋದೆ. ಮೂರು ದಿನದ ಮೇಲೆ ನೋಡುತ್ತಿದ್ದೆ. ಉದ್ದ ಲೆನ್ಸನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಇಟ್ಟು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಕೂತೆ. ಹತ್ತು ಗಂಟೆಯಾಯಿತು. ನನ್ನ ಚೀಟಿಯ ಪ್ರಕಾರ ನೀರು ಇಳಿಯುತ್ತಿರಬೇಕು. ನೀರು ಏರುತ್ತಿತ್ತು. ಹತ್ತೂವರೆಗೂ ಏರುತ್ತಿತ್ತು. ಹಕ್ಕಿಗಳು ಹಿಂದೆ ಹಿಂದೆ ಸರಿಯುತ್ತಾ ರಸ್ತೆಯ ದಿಬ್ಬದ ಬುಡಕ್ಕೇ ಬಂದು ಮಲಗಿದವು.

ಆಗ ಹೊಳೆಯಿತು. ಒಂದು ಕೂಡಿಸಿಲ್ಲ.

ಇಡೀ ಸಮಿತಿ ಆ ಚೀಟಿ ನೋಡಿದೆ ಮಾವ, ಒಬ್ಬನೂ ಹಿಡಿಯಲಿಲ್ಲ! ನಮ್ಮೂರಲ್ಲಿ ಯಾರೂ ಪುಸ್ತಕ ನೋಡುವುದಿಲ್ಲ, ನೀರು ನೋಡುತ್ತಾರೆ. ಅದಕ್ಕೇ ಪುಸ್ತಕ ನೋಡಿದ ದಿನ ಎಲ್ಲರೂ ಮುಗ್ಗರಿಸುತ್ತಾರೆ.

ಅಷ್ಟರಲ್ಲಿ ಹನ್ನೊಂದರ ಗಂಟೆ ಬಡಿಯಿತು. ಚರ್ಚಿನ ಕಡೆಯಿಂದ ಗಲಾಟೆ ಶುರುವಾಯಿತು. ಮುನ್ನೂರು ಜನ, ಮುನ್ನೂರು ಪಾತ್ರೆ. ಇಂಗ್ಲಿಷರು ನಮ್ಮ ಹಿರಿಯರನ್ನು ಈ ನೆಲದಿಂದ ಓಡಿಸಿದ್ದರು, ನಾವು ತಿರುಗಿ ಬಂದೆವು, ಇನ್ನೂ ಇದ್ದೇವೆ ಎಂದು ಲೋಕಕ್ಕೆ ಸಾರುವ ಗಲಾಟೆ. ಅದು ಸಣ್ಣದಾಗಿದ್ದರೆ ಅದೇ ತಪ್ಪು. ಮುಂದುಗಡೆ ಆಲ್ಸಿದ್, ಅವನ ಕೈಯಲ್ಲಿ ಅವನಪ್ಪನ ಹಿತ್ತಾಳೆ ಕಹಳೆ.

ಲೆನ್ಸು ಅಲ್ಲೇ ಬಿಟ್ಟು ಓಡಿದೆ. ಕೂಗುವಂತಿಲ್ಲ, ಕೂಗಿದರೆ ನಾನೇ ಹಕ್ಕಿ ಎಬ್ಬಿಸಿದ ಹಾಗೆ. ತಿರುವಿನಲ್ಲಿ ಎರಡೂ ಕೈ ಅಗಲಿಸಿ ನಿಂತೆ. ಹಬ್ಬದ ಕುಣಿತ ಎಂದುಕೊಂಡು ಅವರೂ ಕೈ ಅಗಲಿಸಿದರು! ಆಲ್ಸಿದ್ ಕೆನ್ನೆ ಉಬ್ಬಿಸಿ ಕಹಳೆ ಎತ್ತಿದ. ಹಸಿರು ಟೋಪಿ ಕಿತ್ತು ಕಹಳೆಯ ಬಾಯಿಗೆ ತುರುಕಿದೆ. ಅವನ ಕೆನ್ನೆ ಇನ್ನೂ ಉಬ್ಬಿತು, ಕಣ್ಣು ಹೊರಗೆ ಬಂತು, ಸದ್ದು ಬರಲಿಲ್ಲ.

"ಹುಚ್ಚು ಹಿಡಿದಿದೆಯೇನೇ ನಿನಗೆ?"

"ಹಕ್ಕಿ ಇನ್ನೂ ಇವೆ" ಎಂದು ಪಿಸುಗುಟ್ಟಿದೆ. "ಗಂಟೆ ನಾನು ತಪ್ಪು ಬರೆದೆ. ಒಂದು ಕೂಡಿಸಿಲ್ಲ. ನನ್ನ ತಪ್ಪು."

ಆಲ್ಸಿದ್ ನನ್ನನ್ನು ನೋಡಿದ, ದಿಬ್ಬದ ಆಚೆ ನೋಡಿದ. ಕಹಳೆ ಕೆಳಗಿಳಿಸಿ, ತಿರುಗಿ, ತುಟಿಯ ಮೇಲೆ ಬೆರಳಿಟ್ಟ. ಸದ್ದು ಮುಂದಿನಿಂದ ಹಿಂದಕ್ಕೆ ಸಾಲುಸಾಲಾಗಿ ಆರಿಹೋಯಿತು. ಅಜ್ಜಿ ಫ್ರಿಕೋ ಕೋಳಿಸಾರು ಬೇಯಿಸುವ ದೊಡ್ಡ ಹಂಡೆ ತಂದಿದ್ದಳು, ಏಪ್ರನ್ ಬಿಚ್ಚಿ ಅದಕ್ಕೆ ಮಗುವಿಗೆ ಸುತ್ತುವ ಹಾಗೆ ಸುತ್ತಿದಳು. ಎಲ್ಲರೂ ತುದಿಗಾಲಲ್ಲಿ ಬಂದು ರಸ್ತೆಬದಿಯ ಹುಲ್ಲಿನ ಮೇಲೆ, ಪಾತ್ರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಎಷ್ಟೊತ್ತು?" ಅಮ್ಮ ಪಿಸುಗುಟ್ಟಿದಳು.

"ಅವು ತಾವಾಗಿ ಏಳೋವರೆಗೆ. ಒಂದು ಗಂಟೆ ಆಗ್ಬಹುದು."

"ಒಂದ್ ಗಂಟೇನಾ! ಇಷ್ಟು ಜನ ನಮ್ಮೋರು? ಸುಮ್ನೆ?" ಅಜ್ಜಿ ಎಂದಳು. "ಇಂಗ್ಲಿಷ್ ರಾಜನ ಸಿಪಾಯಿಗಳ ಕೈಲೂ ಆಗ್ಲಿಲ್ಲ."

"ಅಮ್ಮಾ, ನೀನೊಬ್ಳು ಬಾಯಿ ಮುಚ್ಚಿದ್ರೆ ಅರ್ಧ ಊರು ಮುಚ್ಚಿದ ಹಾಗೆ."

ಆಲ್ಸಿದ್‌ನ ಹೊಟ್ಟೆ ಗುರ್ ಎಂದಿತು. ಇಡೀ ಸಾಲು ಅವನ ಕಡೆ ತಿರುಗಿ ಬೆರಳು ತುಟಿಗಿಟ್ಟಿತು. ನಗು ತಡೆಯಲಾರದೆ ನಾಲ್ಕು ಜನ ಹುಲ್ಲಿನಲ್ಲಿ ಮುಖ ಹುದುಗಿಸಿದರು. ಆಮೇಲೆ ನಿಜವಾಗಿಯೂ ಸದ್ದಡಗಿತು. ಇಲ್ಲೇ ಹುಟ್ಟಿ ಬೆಳೆದವರು ಹಕ್ಕಿಗಳನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲಿರಬೇಕು. ಅವು ನಿದ್ದೆಯಲ್ಲಿ ಒಂದರ ಮೇಲೊಂದು ಒರಗುವುದು, ಒಂದು ಕನಸು ಕಂಡ ಹಾಗೆ ಕುಪ್ಪಳಿಸಿದರೆ ಪಕ್ಕದ್ದು ಗೊಣಗುವುದು. "ನಿಮ್ಮಪ್ಪನ ಥರಾನೇ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ನನ್ನ ಉದ್ದ ಲೆನ್ಸು ಹಕ್ಕಿಗಳ ಆಚೆ, ದಡದ ಆ ತುದಿಯಲ್ಲಿ ನಿಂತಿತ್ತು. ಹೋಗಿ ತರುವಂತಿಲ್ಲ. ಕ್ಯಾಮೆರಾದಲ್ಲಿದ್ದದ್ದು ಮಾಮೂಲಿ ಪುಟ್ಟ ಲೆನ್ಸು, ಹನ್ನೊಂದು ಚಿತ್ರದ ಫಿಲ್ಮು. ಪಂದ್ಯ ಸೋತೆ ಎಂದುಕೊಂಡೆ. ಹುಲ್ಲಿನಲ್ಲಿ ಕೂತವರ ಸಾಲಿನ ಹಿಂದೆ, ದಿಬ್ಬದ ಮೇಲೆ ಹೋಗಿ ಕೂತೆ. ನಿಜ ಹೇಳಲೇ? ಬೇಸರವಾಗಲಿಲ್ಲ. ಕೈಯಲ್ಲಿ ಕಲ್ಲಿರಲಿಲ್ಲ, ಅಷ್ಟೇ ಸಾಕೆನಿಸಿತು. ಜೇಬಿನಲ್ಲಿ ಇತ್ತು. ಅದು ಬೇರೆ ಮಾತು.

ಹನ್ನೆರಡೂ ಹತ್ತಕ್ಕೆ ನೀರಂಚಿನಲ್ಲಿ ಒಂದು ತೇಪೆ ಕೆಸರು ಕಾಣಿಸಿತು. ತುದಿಯ ಒಂದು ಹಕ್ಕಿ ರೆಕ್ಕೆ ಕೊಡವಿತು. ಆಮೇಲೆ ಮಾವ, ದಡ ಎದ್ದಿತು. ಯಾರೂ ಎಬ್ಬಿಸಲಿಲ್ಲ, ತಾನಾಗಿ ಎದ್ದಿತು. ಕಂಬಳಿ ಕೊಡವಿದ ಹಾಗೆ ಒಂದು ಸದ್ದು, ಅದರ ಗಾಳಿ ಮುಖಕ್ಕೆ ಬಡಿಯಿತು. ಹಿಂಡು ನೀರಿನ ಕಡೆ ಹೋಗಲಿಲ್ಲ, ಮೊದಲು ನಮ್ಮ ತಲೆಯ ಮೇಲೇ ಒಂದು ಸುತ್ತು ಬಂತು. ಕಂದು, ಆಮೇಲೆ ತಿರುಗಿ ಒಮ್ಮೆಗೇ ಬಿಳಿ. ನಾನು ಕಾಲು ನೆಟ್ಟು ಸೊಂಟದಿಂದ ತಿರುಗಿದೆ. ತಿರುಗುತ್ತಲೇ ಇದ್ದೆ. ಫಿಲ್ಮು ಮುಗಿದ ಮೇಲೂ ತಿರುಗುತ್ತಿದ್ದೆ.

ಕೊನೆಯ ಹಕ್ಕಿ ದೂರದ ಕೆಸರಿಗೆ ಇಳಿಯುವವರೆಗೆ ಯಾರೂ ಅಲುಗಲಿಲ್ಲ. ಆಲ್ಸಿದ್ ಕಹಳೆಯಿಂದ ನನ್ನ ಟೋಪಿ ಎಳೆದು ತಲೆಗೆ ಹಾಕಿದ. "ಈಗ?"

"ಚರ್ಚಿನ ಕಡೆಗೆ ತಿರುಗಿ, ಅಲ್ಲಿಗೆ ಹೋದ ಮೇಲೆ."

ಓಡಿದರು ಮಾವ! ಎಂಬತ್ತು ವರ್ಷದವರೂ ಓಡಿದರು. ಚರ್ಚಿನ ಅಂಗಳದಲ್ಲಿ ಒಂದು ಗಂಟೆ ಹಿಡಿದಿಟ್ಟ ಸದ್ದನ್ನು ಬಿಟ್ಟರು. ಅಜ್ಜಿಯ ಹಂಡೆ ತಳ ಒಡೆಯಿತು. ಅವಳು ಅದನ್ನು ಪದಕದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದಾಳೆ.

ಫಿಲ್ಮು ಇನ್ನೂ ತೊಳೆದಿಲ್ಲ. ಹೆದರಿಕೆ.

ಓಡಿಲ್


ಪ್ರೇ-ಬಾ
22 ಆಗಸ್ಟ್

ಮಾವ,

ನಿನ್ನೆ ನಿನ್ನ ಹನ್ನೊಂದನೇ ತಾರೀಕಿನ ಪತ್ರ ಬಂತು. ಹಿತ್ತಲಲ್ಲಿ ನಿಂತು ಎರಡು ಸಲ ಓದಿದೆ. ನೀನು ಮುನಿಸಿಕೊಂಡಿದ್ದೀಯ ಎಂದು ನಾನು ಒಂಬತ್ತು ದಿನ ಸುಮ್ಮನೆ ಅತ್ತೆ, ಅದರ ಲೆಕ್ಕ ಆಮೇಲೆ ತೀರಿಸು.

ಫಿಲ್ಮು ತೊಳೆದೆ. ಹನ್ನೊಂದರಲ್ಲಿ ಏಳು ಆಕಾಶ, ಎರಡು ಬಾಲ, ಒಂದು ಅಜ್ಜಿಯ ಮೊಣಕೈ. ಉಳಿದ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಪೂರ್ತಿ ಚೊಕ್ಕವಾಗಿಲ್ಲ, ಎಡಗಡೆಯ ಹಕ್ಕಿಗಳು ಗೀಟು ಗೀಟಾಗಿವೆ. ಹಿಂಡು ಅರ್ಧ ಕಂದು, ಅರ್ಧ ಬಿಳಿ, ಸರಿಯಾಗಿ ತಿರುಗುವ ಗಳಿಗೆಯಲ್ಲಿದೆ. ಅದರ ಕೆಳಗೆ ಊರಿಗೆ ಊರೇ ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು, ತಲೆಯೆತ್ತಿ, ಬಾಯಿ ತೆರೆದು ಕೂತಿದೆ. ಉದ್ದ ಲೆನ್ಸು ಇದ್ದಿದ್ದರೆ ಹಕ್ಕಿ ಮಾತ್ರ ಸಿಗುತ್ತಿದ್ದವು. ಮಧ್ಯದಲ್ಲಿ ಸೌಟು ಹಿಡಿದು ಸಣ್ಣ ಹುಡುಗಿಯ ಹಾಗೆ ನಗುತ್ತಿರುವವಳು ನಿನ್ನ ತಂಗಿ.

ಆಲ್ಸಿದ್‌ಗೆ ತೋರಿಸಿದೆ. ಅವನು ಚಿತ್ರವನ್ನು ತುಂಬಾ ಹೊತ್ತು ನೋಡಿ, "ನಾನೆಲ್ಲಿ?" ಎಂದ. ಮೂಲೆಯಲ್ಲಿ ಕಹಳೆಯ ಹಿಂದೆ ಅರ್ಧ ಕಾಣುತ್ತಾನೆ. ಅದಕ್ಕೇ ಒಪ್ಪಿದ ಎಂದು ಅಜ್ಜಿಯ ಅನುಮಾನ. ಭಾನುವಾರ, ಮೂವತ್ತೊಂದಕ್ಕೆ ಹಾಕುತ್ತಾರೆ.

ನಿನ್ನ ಕಲ್ಲಿನ ವಿಷಯವನ್ನೂ ನೀನು ಹೇಳಿದಂತೆ ಹೇಳಿದೆ. ಆಲ್ಸಿದ್ ಕುರ್ಚಿಯ ಮೇಲೆ ಕೂತುಬಿಟ್ಟ. ಇಳಿಸುತ್ತೇನೆ ಎಂದ. ನಾನು ಬೇಡವೆಂದೆ. ಅದು ಒಳ್ಳೆಯ ಚಿತ್ರ ಮಾವ, ಅದರಲ್ಲಿ ಸುಳ್ಳಿಲ್ಲ. ಉಂಗುರ ಅಲ್ಲೇ ಇದೆ. ಕೆಳಗೆ ಎರಡು ಸಾಲು ಬರೆದರೆ ಸಾಕು. ಆದರೆ ಅದನ್ನು ನೀನೇ ಬರೆಯಬೇಕು. ಫಲಕಕ್ಕೂ ಅದನ್ನೇ ಹಾಕೋಣ ಅನ್ನುತ್ತಿದ್ದಾನೆ, ನಿನ್ನ ಸಾಲಿನ ಸಮೇತ.

ಅಮ್ಮ ಶಾಲೆಗೆ ಪತ್ರ ಹಾಕಿದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಅಪ್ಪನಿಗೆ ಹೇಳುತ್ತಿದ್ದಳು: "ಒಂಬತ್ತೂಐವತ್ತಕ್ಕೆ ಒಂದು ಕೂಡ್ಸೋಕೆ ಬರದೋಳನ್ನ ಯಾವ ಶಾಲೆಯವರು ಸೇರಿಸ್ಕೊಳ್ತಾರೆ? ಮರ್ಯಾದೆ ಹೋಗುತ್ತೆ." ಹೊಲಿದ ಗುಂಡಿಗಳನ್ನು ಕಿತ್ತು ಡಬ್ಬಿಗೆ ಹಾಕಿದ್ದಾಳೆ. ಆಗಲೂ ಅದೇ ಹಾಡು ಗುನುಗುತ್ತಿದ್ದಳು. ಅದೇನೆಂದು ನನಗಿನ್ನೂ ಅರ್ಥವಾಗಿಲ್ಲ.

ಓಡಿಲ್


ತೆತ್-ಗ್ರೀಸ್ ದ್ವೀಪ
30 ಆಗಸ್ಟ್

ಓಡಿಲ್,

ದೋಣಿಯವನಿಗೆ ಕಾಯಲು ಹೇಳಿದ್ದೇನೆ. ಎಷ್ಟು ಹೊತ್ತಾದರೂ ಕಾಯಲಿ, ಇದು ನಾಳೆಯೊಳಗೆ ನಿನ್ನ ಕೈ ಸೇರಬೇಕು.

ನನ್ನ ಚಿತ್ರದ ಕೆಳಗೆ ಇಷ್ಟು ಬರೆಸು: "ಈ ಹಕ್ಕಿಗಳು ತಾವಾಗಿ ಎದ್ದದ್ದಲ್ಲ. ನಾನು ಕಲ್ಲೆಸೆದೆ. ನೀರಿನ ಮೇಲಿನ ಉಂಗುರ ನೋಡಿ. ತಾದೇ, 1961." ದೊಡ್ಡ ಅಕ್ಷರದಲ್ಲಿ ಬರೆಸು, ಅಜ್ಜಿಗೆ ಭೂತಗನ್ನಡಿ ಬೇಡವಾಗುವಷ್ಟು ದೊಡ್ಡದಾಗಿ. ನಿನ್ನ ಚಿತ್ರದ ಕೆಳಗೆ ಏನೂ ಬೇಡ.

ನೀನು 9:50 ಎಂದು ಬರೆದಿದ್ದ ಪತ್ರ ನನ್ನ ಕೈಯಲ್ಲೇ ಇತ್ತು. ಕಲ್ಲಿನ ಮಾತು ಓದಿ ತಲೆ ಕೆಟ್ಟು, ಗಂಟೆ ಕಣ್ಣಿಗೇ ಬೀಳಲಿಲ್ಲ. ಇಪ್ಪತ್ತನಾಲ್ಕು ವರ್ಷ ಉಬ್ಬರ ಇಳಿತ ಬರೆದಿಟ್ಟವನು ನಾನು! ಆದ್ದರಿಂದ ಆ ತಪ್ಪಿನಲ್ಲಿ ಅರ್ಧ ನನಗೆ ಕೊಡು. ಇಡೀ ತಪ್ಪನ್ನು ನೀನೊಬ್ಬಳೇ ಇಟ್ಟುಕೊಳ್ಳುವುದು ಜಿಪುಣತನ.

ಹದಿನೈದಕ್ಕೆ ಸರಿಯಾಗಿ ಹನ್ನೊಂದಕ್ಕೆ ನಾನು ಬಾಣಲೆ ಹಿಡಿದು ಮೆಟ್ಟಿಲು ಹತ್ತಿ ಹೋದೆ. ಊರೆಲ್ಲ ಜೊತೆಗಿದೆ ಎಂದುಕೊಂಡು ಒಂದು ಗಂಟೆ ಬಡಿದೆ. ಜೊತೆಗಾರ ಎರಡೂ ಹಾಡು ಬಾರಿಸಿ ಸುಸ್ತಾಗಿ ಕೆಳಗಿಳಿದ. ಆಮೇಲೆ ನಿನ್ನ ಪತ್ರ ಓದಿದರೆ, ನೀವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದ ಅದೇ ಒಂದು ಗಂಟೆ! ಇಡೀ ಕೊಲ್ಲಿಯಲ್ಲಿ ಗಲಾಟೆ ಮಾಡುತ್ತಿದ್ದವನು ನಾನೊಬ್ಬನೇ. ನಮ್ಮ ಜನ ಇನ್ನೂ ಇದ್ದಾರೆ ಎಂದು ಲೋಕಕ್ಕೆ ಸಾರುವ ಕೆಲಸ ಈ ವರ್ಷ ಪೂರ್ತಿ ನನ್ನ ಹೆಗಲಿಗೆ ಬಿದ್ದಿತ್ತು, ಸಮಿತಿಗೆ ಹೇಳು.

ಬರುವ ಜುಲೈಗೆ ರಜೆ ಕೇಳಿದ್ದೇನೆ. ಇನ್ನೊಂದು ಹಸಿರು ಟೋಪಿ ತರಿಸಿಡು, ನನ್ನ ತಲೆ ದೊಡ್ಡದು. ನಿನ್ನ ಜೇಬಿನ ಆ ಕಲ್ಲನ್ನು ಇನ್ನು ನೀರಿಗೆ ಹಾಕಬಹುದು, ಇಳಿತದಲ್ಲಿ, ಹಕ್ಕಿ ಇಲ್ಲದಾಗ, ಮೆಲ್ಲಗೆ.

ನಿನ್ನೆ ಸಂಜೆ ಗೊರವಗಳ ಹಿಂಡೊಂದು ದೀಪದ ಪಕ್ಕದಲ್ಲೇ ದಕ್ಷಿಣಕ್ಕೆ ಹೋಯಿತು. ಚೆನ್ನಾಗಿ ತಿಂದು ದುಂಡಗಿದ್ದವು. ನಾನು ಬಲಗೈಯನ್ನು ಜೇಬಿನಿಂದ ತೆಗೆದು, ಅವು ಕಣ್ಮರೆಯಾಗುವವರೆಗೆ ಬೀಸಿದೆ.

ನಿನ್ನ
ತಾದೇ ಮಾವ